ಶಾಲಾ ಕಬಡ್ಡಿಗೆ ಪ್ರಾಯೋಜಕರು ಬೇಕೆ? ಕ್ರೀಡಾ ಮಾರ್ಕೆಟಿಂಗ್ ಕಲಿಸುವವರ ಪ್ರಶ್ನೆಗಳು

ಹೈಸ್ಕೂಲು, ಪಿಯು ಮಕ್ಕಳಿಗೆ ಕ್ರೀಡಾ ಮಾರ್ಕೆಟಿಂಗ್ (ಆಟಕ್ಕೆ ನೋಡುಗರನ್ನೂ ಹಣ ಕೊಡುವ ಪ್ರಾಯೋಜಕರನ್ನೂ ಹುಡುಕುವ ವಿದ್ಯೆ) ಕಲಿಸುವುದು ಹೇಗೆಂದು ಕೇಳಿ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆರಿಸಿ ಈ ಸಂಚಿಕೆಯಲ್ಲಿ ಉತ್ತರ ಕೊಟ್ಟಿದ್ದೇವೆ. ಉತ್ತರಿಸಿದವರು ವಾಣಿಜ್ಯ ವಿಷಯವನ್ನು ಆಟದ ಮೈದಾನಕ್ಕೆ ಜೋಡಿಸಿ ಪಾಠ ಮಾಡುವ ಹೈಸ್ಕೂಲು ಅಧ್ಯಾಪಕರು.

ಪ್ರಶ್ನೆ: ಈ ವಿಷಯ ನಮ್ಮ ಪಠ್ಯದಲ್ಲೇ ಇಲ್ಲ. ಯಾವ ಪೀರಿಯಡ್‌ನಲ್ಲಿ ಕಲಿಸುವುದು, ಎಲ್ಲಿಂದ ಶುರು ಮಾಡುವುದು?
– ದೈಹಿಕ ಶಿಕ್ಷಣ ಶಿಕ್ಷಕರು, ಹಾಸನ ಜಿಲ್ಲೆ

ಉತ್ತರ: ಇಲ್ಲವೆಂದಲ್ಲ, ಒಂದೇ ಕಡೆ ಇಲ್ಲ ಅಷ್ಟೆ. ರಾಜ್ಯ ಪಠ್ಯದ ಹತ್ತನೇ ತರಗತಿ ಸಮಾಜ ವಿಜ್ಞಾನದಲ್ಲಿ ಉದ್ಯಮಗಾರಿಕೆ, ಗ್ರಾಹಕ ಶಿಕ್ಷಣದ ಪಾಠಗಳಿವೆ. ದ್ವಿತೀಯ ಪಿಯು ವ್ಯವಹಾರ ಅಧ್ಯಯನದಲ್ಲಿ ಮಾರ್ಕೆಟಿಂಗ್‌ಗೇ ಒಂದು ಇಡೀ ಅಧ್ಯಾಯವಿದೆ. ಸಿಬಿಎಸ್‌ಇ 12ನೇ ತರಗತಿಯ ದೈಹಿಕ ಶಿಕ್ಷಣದ ಮೊದಲ ಘಟಕವೇ ಕ್ರೀಡಾಕೂಟದ ನಿರ್ವಹಣೆ: ಸಮಿತಿಗಳು, ನಾಕೌಟ್ (ಸೋತವರು ಹೊರಗೆ) ಮತ್ತು ಲೀಗ್ (ಎಲ್ಲರೂ ಎಲ್ಲರೊಡನೆ) ಡ್ರಾ, ಬೈ (ಮೊದಲ ಸುತ್ತು ಆಡದೆ ಮುಂದೆ ಹೋಗುವುದು), ಸೀಡಿಂಗ್ (ಬಲಿಷ್ಠ ತಂಡಗಳು ಆರಂಭದಲ್ಲೇ ಎದುರಾಗದಂತೆ ಹಂಚುವುದು) ಎಲ್ಲ ಅಲ್ಲಿಯೇ ಬರುತ್ತದೆ. ಒಂದು ನಿಜವಾದ ಪಂದ್ಯಾವಳಿ ಇಟ್ಟುಕೊಂಡರೆ ಇವೆಲ್ಲ ತಾವಾಗಿಯೇ ಕೂಡಿಕೊಳ್ಳುತ್ತವೆ.

ಹದಿನಾರು ಪೀರಿಯಡ್ ಸಿಕ್ಕರೆ ಸಾಕು. ಮೊದಲ ಮೂರರಲ್ಲಿ ಒಂದೇ ಪ್ರಶ್ನೆ ಹಿಡಿದು ಕೂರಿ: ನಮ್ಮ ಪಂದ್ಯ ನೋಡಲು ಬರುವವರು ಯಾರು, ಯಾವ ಹೊತ್ತಿಗೆ, ಯಾಕೆ? ಇದನ್ನು ಬಿಟ್ಟು ನೇರವಾಗಿ ಪೋಸ್ಟರ್ ಬರೆಯಲು ಕೂರಿಸುವ ತರಗತಿಗಳೇ ಹೆಚ್ಚು. ಕೊನೆಗೆ ಅವರ ಕೈಯಲ್ಲಿ ಉಳಿಯುವುದು ಚೆಂದದ ಚಿತ್ರ ಮಾತ್ರ. ಆಮೇಲಿನ ನಾಲ್ಕು ಪೀರಿಯಡ್ ಡ್ರಾ ಮತ್ತು ಖರ್ಚಿನ ಲೆಕ್ಕಕ್ಕೆ, ನಾಲ್ಕು ಪ್ರಾಯೋಜಕರ ಕೆಲಸಕ್ಕೆ, ಎರಡು ಪ್ರಚಾರಕ್ಕೆ. ಪಂದ್ಯ ಮುಗಿದ ಮೇಲಿನ ಲೆಕ್ಕಪತ್ರ ಮತ್ತು ವರದಿಗೆ ಮೂರು ಪೀರಿಯಡ್ ಕಡ್ಡಾಯವಾಗಿ ತೆಗೆದಿಡಿ. ಇಲಾಖೆಯ ಹೋಬಳಿ, ತಾಲ್ಲೂಕು ಕ್ರೀಡಾಕೂಟಗಳನ್ನು ಇದಕ್ಕೆ ಬಳಸಬೇಡಿ. ಅವು ನಿಮ್ಮ ಶಾಲೆಯ ಸ್ವತ್ತಲ್ಲ, ಅವುಗಳ ಹೆಸರಿನಲ್ಲಿ ಹಣ ಕೇಳುವ ಅಧಿಕಾರವೂ ನಿಮಗಿಲ್ಲ. ಅವೆಲ್ಲ ಮುಗಿದ ಮೇಲೆ ನವೆಂಬರ್ ಅಥವಾ ಡಿಸೆಂಬರ್‌ನಲ್ಲಿ ನಿಮ್ಮದೇ ಒಂದು ದಿನದ ಪಂದ್ಯಾವಳಿ ಇಡಿ. ಮುಖ್ಯೋಪಾಧ್ಯಾಯರ ಮತ್ತು ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯ) ಒಪ್ಪಿಗೆ ಬರಹದಲ್ಲಿ ಕೈಗೆ ಬರುವವರೆಗೆ ಮಕ್ಕಳನ್ನು ಅಂಗಡಿಗಳಿಗೆ ಕಳಿಸಬೇಡಿ.

ಪ್ರಶ್ನೆ: ಪಾಠ ಶುರು ಮಾಡಿದರೆ ಸಾಕು, ಹುಡುಗರು ಐಪಿಎಲ್ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಅದನ್ನು ಪಾಠಕ್ಕೆ ಬಳಸಿಕೊಳ್ಳುವುದು ಹೇಗೆ?
– ವಾಣಿಜ್ಯ ಉಪನ್ಯಾಸಕರು, ಶಿವಮೊಗ್ಗ

ಉತ್ತರ: ಬಳಸಿ, ಆದರೆ ಎರಡು ಪೀರಿಯಡ್‌ಗೆ ಮುಗಿಸಿ. ಮೊದಲನೆಯದರಲ್ಲಿ ಗುಣಾಕಾರ, ಭಾಗಾಕಾರ ಮಾಡಿಸಿ. 2023ರಿಂದ 2027ರವರೆಗಿನ ಐದು ವರ್ಷಕ್ಕೆ ಐಪಿಎಲ್ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಆ ಲೆಕ್ಕಕ್ಕೆ ಹಿಡಿದ ಪಂದ್ಯಗಳು 410. ಭಾಗಿಸಿದರೆ ಪಂದ್ಯವೊಂದಕ್ಕೆ 118 ಕೋಟಿ. ಈಗ ಚಿನ್ನಸ್ವಾಮಿ ಕ್ರೀಡಾಂಗಣದ ಸುಮಾರು 35,000 ಆಸನಗಳನ್ನು ತೆಗೆದುಕೊಳ್ಳಿ. ಟಿಕೆಟ್ಟಿಗೆ ಸರಾಸರಿ 3,000 ರೂಪಾಯಿ ಎಂದು ಊಹಿಸಿಕೊಂಡರೂ ಬರುವುದು ಹತ್ತೂವರೆ ಕೋಟಿ. ಲೀಗ್‌ನ ದೊಡ್ಡ ಗಂಟು ಗೇಟಿನಲ್ಲಿಲ್ಲ, ಮನೆಯಲ್ಲಿ ಟಿವಿ, ಮೊಬೈಲ್ ಮುಂದೆ ಕೂತವರ ಹೊತ್ತಿನಲ್ಲಿದೆ ಎನ್ನುವುದು ಬೋರ್ಡಿನ ಮೇಲೆಯೇ ಮಕ್ಕಳಿಗೆ ಕಾಣುತ್ತದೆ.

ಎರಡನೆಯ ಪೀರಿಯಡ್‌ನಲ್ಲಿ ಶೀರ್ಷಿಕೆ ಪ್ರಾಯೋಜಕರ, ಅಂದರೆ ಲೀಗ್‌ನ ಹೆಸರಿನ ಜೊತೆಗೇ ತಮ್ಮ ಹೆಸರು ಸೇರಿಸಿಕೊಳ್ಳುವವರ, ಸಾಲು ಬರೆಯಿರಿ: 2008ರಲ್ಲಿ ಡಿಎಲ್‌ಎಫ್, 2013ರಲ್ಲಿ ಪೆಪ್ಸಿ, 2016ರಲ್ಲಿ ವಿವೊ, 2020ರಲ್ಲಿ ಡ್ರೀಮ್11, 2022ರಲ್ಲಿ ಟಾಟಾ. ಮನೆ ಕಟ್ಟುವವರು, ತಂಪು ಪಾನೀಯದವರು, ಮೊಬೈಲ್‌ನವರು, ಆನ್‌ಲೈನ್ ಆಟದವರು. ಆಯಾ ಹೊತ್ತಿಗೆ ದೇಶದಲ್ಲಿ ಯಾವ ವ್ಯಾಪಾರಕ್ಕೆ ಹೊಸ ಗಿರಾಕಿ ತುರ್ತಾಗಿ ಬೇಕಿತ್ತು ಎಂದು ಕೇಳಿ. ಉತ್ತರ ಹುಡುಗರಿಂದಲೇ ಬರುತ್ತದೆ.

ನಮ್ಮದೇ ರಾಜ್ಯದ ಒಂದು ಉದಾಹರಣೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. 2024ರ ಟಿ20 ವಿಶ್ವಕಪ್‌ನಲ್ಲಿ ನಮ್ಮ ಕೆಎಂಎಫ್ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳಿಗೆ ಪ್ರಾಯೋಜಕತ್ವ ಕೊಟ್ಟಿತು. ಹಾಲು ಮಾರುವ ನಂದಿನಿಗೆ ಅಷ್ಟು ದೂರದ ತಂಡಗಳ ಅಂಗಿ ಯಾಕೆ ಬೇಕಿತ್ತು? ತಾರಾ ತಂಡಗಳ ಅಂಗಿಗಿರುವ ಬೇಡಿಕೆ ಸಣ್ಣ ತಂಡಗಳ ಅಂಗಿಗೆ ಇರುವುದಿಲ್ಲ, ಹಾಗಾಗಿ ಅಲ್ಲಿ ಹೆಸರು ಹಾಕಿಸುವುದು ಸುಲಭ. ಆ ವರ್ಷದ ಜೂನ್ 5ರಂದು ನ್ಯೂಯಾರ್ಕ್‌ನಲ್ಲಿ ಭಾರತ ಆಡಿದ್ದು ಐರ್ಲೆಂಡ್ ಎದುರು, ಅಂದರೆ ಆ ಅಂಗಿ ನಮ್ಮ ಮನೆಗಳ ಟಿವಿಯಲ್ಲೇ ಓಡಾಡಿತು. ಇಷ್ಟಾದ ಮೇಲೆ ಐಪಿಎಲ್ ಸಾಕು, ಶಾಲೆಯ ಅಂಗಳಕ್ಕೆ ಬನ್ನಿ. ನಮ್ಮಲ್ಲಿ ಪ್ರಸಾರವಿಲ್ಲ, ಟಿಕೆಟ್ಟೂ ಇಲ್ಲ. ನಮ್ಮ ಹತ್ತಿರ ಇರುವುದು ಒಂದೇ: ಊರಿನವರು, ಅದರಲ್ಲೂ ತಂದೆತಾಯಂದಿರು, ಒಂದು ಮಧ್ಯಾಹ್ನ ಒಂದೇ ಜಾಗದಲ್ಲಿ ಕೂತಿರುತ್ತಾರೆ ಎಂಬುದು.

ಪ್ರಶ್ನೆ: ಎಂಟು ಶಾಲೆಗಳ ಹೆಣ್ಣುಮಕ್ಕಳ ಕಬಡ್ಡಿ ನಡೆಸಬೇಕೆಂದಿದ್ದೇವೆ. ಇರುವುದು ಒಂದೇ ಅಂಕಣ, ಒಂದೇ ದಿನ. ಎಷ್ಟು ಹಣ ಬೇಕಾದೀತು? ಪ್ರಾಯೋಜಕರ ಹತ್ತಿರ ಎಷ್ಟು ಕೇಳಬೇಕು?
– ದೈಹಿಕ ಶಿಕ್ಷಕಿ, ಬಾಗಲಕೋಟೆ ಜಿಲ್ಲೆ

ಉತ್ತರ: ಹಣದ ಮೊದಲು ಗಡಿಯಾರ. ಹೆಣ್ಣುಮಕ್ಕಳ ಪಂದ್ಯ 15 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ವಿಶ್ರಾಂತಿ. ಟೈಮ್‌ಔಟ್, ತಂಡಗಳ ಅದಲುಬದಲು ಸೇರಿಸಿ ಪಂದ್ಯಕ್ಕೆ 50 ನಿಮಿಷ ಹಿಡಿಯಿರಿ. ಎಂಟು ತಂಡಗಳ ಲೀಗ್ ಅಂದರೆ 28 ಪಂದ್ಯ, ಒಂದು ದಿನದಲ್ಲಿ ಆಗದ ಮಾತು. ನಾಲ್ಕು ತಂಡಗಳ ಎರಡು ಗುಂಪು ಮಾಡಿದರೂ ಸೆಮಿಫೈನಲ್, ಫೈನಲ್ ಸೇರಿ 15 ಪಂದ್ಯ, ಹನ್ನೆರಡೂವರೆ ಗಂಟೆ. ನಾಕೌಟ್ ಆದರೆ ತಂಡಗಳ ಸಂಖ್ಯೆಯಲ್ಲಿ ಒಂದು ಕಳೆದರೆ ಬರುವಷ್ಟು, ಅಂದರೆ ಏಳೇ ಪಂದ್ಯ. ಬೆಳಿಗ್ಗೆ 9.30ಕ್ಕೆ ಶುರುವಾದರೆ ನಾಲ್ಕು ಕ್ವಾರ್ಟರ್‌ಫೈನಲ್ 12.50ಕ್ಕೆ ಮುಗಿಯುತ್ತವೆ. ನಲವತ್ತು ನಿಮಿಷ ಊಟ. 1.30ರಿಂದ 3.10ರವರೆಗೆ ಸೆಮಿಫೈನಲ್‌ಗಳು, ಅರ್ಧ ಗಂಟೆ ದಣಿವಾರಿಸಿಕೊಂಡು 3.40ಕ್ಕೆ ಫೈನಲ್. ಐದರೊಳಗೆ ಬಹುಮಾನ ಮುಗಿಸಿ ಹುಡುಗಿಯರನ್ನು ಬೆಳಕಿರುವಾಗಲೇ ಬಸ್ಸು ಹತ್ತಿಸಬಹುದು. ಕೊನೆ ಗಳಿಗೆಯಲ್ಲಿ ಹನ್ನೊಂದು ತಂಡ ಬಂದರೆ ಹದಿನಾರರಲ್ಲಿ ಹನ್ನೊಂದು ಕಳೆದು ಐದು ಬೈ ಕೊಡಬೇಕು, ಪಂದ್ಯ ಹತ್ತಾಗುತ್ತದೆ, ಸಮಯ ಎಂಟು ಗಂಟೆ ಇಪ್ಪತ್ತು ನಿಮಿಷ. ಆಗ ಇನ್ನೊಂದು 12 × 8 ಮೀಟರ್ ಅಂಕಣ ಸುಣ್ಣದಲ್ಲಿ ಎಳೆಯದೆ ದಾರಿಯಿಲ್ಲ.

ಖರ್ಚಿನ ಒಂದು ಮಾದರಿ ಕೊಡುತ್ತೇವೆ. ದರಗಳನ್ನು ನಿಮ್ಮ ಊರಿನದಕ್ಕೆ ಬದಲಿಸಿಕೊಳ್ಳಿ. ತಂಡಕ್ಕೆ 12 ಆಟಗಾರ್ತಿಯರು, ಒಬ್ಬರು ಶಿಕ್ಷಕರಂತೆ 104 ಜನ, ಸ್ವಯಂಸೇವಕರು ಮತ್ತು ತೀರ್ಪುಗಾರರು 20. ಈ 124 ಊಟಕ್ಕೆ ತಲಾ 60ರಂತೆ 7,440. ರೆಫರಿ ಒಬ್ಬರು, ಅಂಪೈರ್ ಇಬ್ಬರು, ಸ್ಕೋರರ್ ಒಬ್ಬರು, ಸಹಾಯಕ ಸ್ಕೋರರ್ ಇಬ್ಬರು, ಆರು ಜನರ ಗೌರವಧನ 3,000. ಮೈಕ್ ಸೆಟ್ 2,500, ಶಾಮಿಯಾನ ಮತ್ತು ಕುರ್ಚಿ 3,500, ಕಪ್ ಮತ್ತು ಪದಕ 2,800, ಬಟ್ಟೆ ಬ್ಯಾನರ್ 1,800, ನೀರು ಮತ್ತು ಪ್ರಥಮ ಚಿಕಿತ್ಸೆ 1,000. ಮೊತ್ತ 22,040. ಇದರ ಮೇಲೆ ಶೇ 10 ಆಕಸ್ಮಿಕ ವೆಚ್ಚ ಸೇರಿಸಿದರೆ ಸುಮಾರು 24,250. ಈ ಶೇ 10 ಬೇಡವೆಂದು ಮಕ್ಕಳು ವಾದಿಸುತ್ತಾರೆ, ಬಿಡಬೇಡಿ. ಮಧ್ಯಾಹ್ನ ಕರೆಂಟು ಹೋಗಿ ಜನರೇಟರ್ ತರಬೇಕಾದಾಗ ಅದೇ ಕೈಹಿಡಿಯುತ್ತದೆ.

ಬರುವ ಹಣ ಹೀಗಿರಲಿ: ಮುಖ್ಯ ಪ್ರಾಯೋಜಕರೊಬ್ಬರಿಂದ 8,000, ಮೂವರು ಸಹ ಪ್ರಾಯೋಜಕರಿಂದ ತಲಾ 3,000, ಎಂಟು ತಂಡಗಳ ಪ್ರವೇಶ ಶುಲ್ಕ ತಲಾ 500. ಒಟ್ಟು 21,000. ಉಳಿದ 3,250ಕ್ಕೆ ನಗದು ಕೇಳಬೇಡಿ, ಅಕ್ಕಿ, ಬೇಳೆ, ತರಕಾರಿ ಕೇಳಿ. ಹಣ ಕೊಡಲು ಹಿಂಜರಿಯುವ ಹಳೆಯ ವಿದ್ಯಾರ್ಥಿಗಳೂ ಒಂದು ಮೂಟೆ ಅಕ್ಕಿ ಸಂತೋಷವಾಗಿ ಕೊಡುತ್ತಾರೆ. ಬಂದ ವಸ್ತುವನ್ನು ಆ ದಿನದ ಮಾರುಕಟ್ಟೆ ಬೆಲೆ ಹಾಕಿ ಲೆಕ್ಕದ ಪುಸ್ತಕಕ್ಕೆ ಸೇರಿಸಿ. ಇಲ್ಲದಿದ್ದರೆ ಮುಂದಿನ ವರ್ಷ ಇದೇ ಪುಸ್ತಕ ನೋಡಿ ಬಜೆಟ್ ಹಾಕುವವರಿಗೆ ಊಟದ ಖರ್ಚು ಕಡಿಮೆ ಎಂಬ ತಪ್ಪು ಕಲ್ಪನೆ ಬರುತ್ತದೆ.

8,000 ಎಂಬ ಬೆಲೆ ಸರಿಯೇ ಎಂದು ತೂಗುವುದೇ ಈ ಪಾಠದ ತಿರುಳು. ಕೆಳಗಿನ ಮಿತಿ ಆ ಪ್ರಾಯೋಜಕರಿಗಾಗಿ ನೀವು ಮಾಡುವ ಖರ್ಚು. ಮೇಲಿನ ಮಿತಿ ಅದೇ ಹಣದಲ್ಲಿ ಅವರು ಬೇರೆ ಏನು ಮಾಡಿಸಬಹುದಿತ್ತು ಎಂಬುದು: ಪತ್ರಿಕೆಯೊಳಗೆ ಕರಪತ್ರ ಇಡಿಸುವುದು, ಆಟೋಗೆ ಮೈಕ್ ಕಟ್ಟಿ ಊರು ಸುತ್ತಿಸುವುದು. ಇವುಗಳ ದರ ಮುದ್ರಣಾಲಯದಲ್ಲಿ, ಆಟೋ ಸ್ಟ್ಯಾಂಡಿನಲ್ಲಿ ಮಕ್ಕಳೇ ವಿಚಾರಿಸಿ ಬರಲಿ. ಇನ್ನೊಂದು ಲೆಕ್ಕವೂ ಮಾಡಿಸಿ. ಬೇಕರಿಯವರು 3,000 ಕೊಟ್ಟರು, ಒಂದು ವ್ಯಾಪಾರಕ್ಕೆ ಅವರ ಲಾಭ 20 ರೂಪಾಯಿ ಎಂದಿಟ್ಟುಕೊಳ್ಳಿ. ಹಣ ಹಿಂದಿರುಗಲು 150 ಹೊಸ ವ್ಯಾಪಾರ ಆಗಬೇಕು. ಮೈದಾನದಲ್ಲಿ 400 ಜನ, ಅವರಲ್ಲಿ ಬಹುಪಾಲು ಜೇಬಿನಲ್ಲಿ ಕಾಸಿಲ್ಲದ ಮಕ್ಕಳು. ಒಂದು ದಿನದಲ್ಲಿ ಆಗುವ ಮಾತಲ್ಲ. ಹಾಗಾದರೆ 'ವ್ಯಾಪಾರ ಹೆಚ್ಚುತ್ತದೆ' ಎಂದು ಮಾತು ಕೊಡಬಾರದು. ನಿಜವಾಗಿ ಕೊಡಬಹುದಾದದ್ದು ಊರಿನ ತಂದೆತಾಯಂದಿರ ಕಣ್ಣಿನಲ್ಲಿ ಒಂದು ಒಳ್ಳೆಯ ಹೆಸರು. ಅದನ್ನು ಅಷ್ಟೇ ಎಂದು ಹೇಳಿ ಮಾರುವುದನ್ನು ಮಕ್ಕಳು ಕಲಿಯಬೇಕು.

ಪ್ರಶ್ನೆ: ನಾವು ಐದು ಅಂಗಡಿಗೆ ಹೋದೆವು. ಎಲ್ಲರೂ 'ನೋಡೋಣ' ಎಂದರು, ಯಾರೂ ಕೊಡಲಿಲ್ಲ. ನಾವು ಏನು ಹೇಳಬೇಕಿತ್ತು?
– ಹತ್ತನೇ ತರಗತಿ ವಿದ್ಯಾರ್ಥಿನಿ, ತುಮಕೂರು

ಉತ್ತರ: ಹೇಳುವುದಕ್ಕಿಂತ ಮೊದಲು ಕೇಳಬೇಕಿತ್ತು. 'ನಿಮ್ಮ ಅಂಗಡಿಗೆ ಯಾವ ಊರಿನವರು ಹೆಚ್ಚು ಬರುತ್ತಾರೆ? ಯಾರು ಬರಬೇಕು ಅಂತ ನಿಮಗೆ ಆಸೆ?' ಈ ಎರಡು ಪ್ರಶ್ನೆಗೆ ಅಂಗಡಿಯವರು ಖಂಡಿತ ಉತ್ತರ ಕೊಡುತ್ತಾರೆ, ಏಕೆಂದರೆ ಅದು ಅವರ ದಿನನಿತ್ಯದ ಚಿಂತೆ. ಪಕ್ಕದ ಹಳ್ಳಿಯವರು ಬರುತ್ತಿಲ್ಲ ಎಂದರೆ, ಆ ಹಳ್ಳಿಯ ಶಾಲೆಯ ತಂಡವೂ ಬರುತ್ತಿದೆ ಎಂದು ನೀವು ಹೇಳಬಹುದು. ಮಾತು ಅಲ್ಲಿಂದ ತಾನಾಗಿ ಮುಂದುವರಿಯುತ್ತದೆ.

ಸಂಜೆ ಗಿರಾಕಿ ತುಂಬಿರುವಾಗ ಹೋಗಬೇಡಿ. ಬೆಳಿಗ್ಗೆ 11ರ ನಂತರ ಅಥವಾ ಮಧ್ಯಾಹ್ನ 3ರ ಸುಮಾರಿಗೆ, ಇಬ್ಬರೇ ಹೋಗಿ. ಏಳೆಂಟು ಜನ ಗುಂಪಾಗಿ ಹೋದರೆ ಗಣೇಶನ ಚಂದಾ ಎಂದುಕೊಂಡು ಹತ್ತು ರೂಪಾಯಿ ಕೊಟ್ಟು ಕಳಿಸುತ್ತಾರೆ. ಕೈಯಲ್ಲಿ ಮುಖ್ಯೋಪಾಧ್ಯಾಯರ ಪತ್ರ ಮತ್ತು ಒಂದೇ ಪುಟದ ವಿವರ ಇರಲಿ: ದಿನಾಂಕ, ಎಷ್ಟು ಶಾಲೆ, ಅಂದಾಜು ಎಷ್ಟು ಜನ ಮತ್ತು ಆ ಅಂದಾಜು ಎಲ್ಲಿಂದ ಬಂತು, ಅವರಿಗೆ ಸಿಗುವುದೇನು, ಬೆಲೆ ಎಷ್ಟು. 'ನಿಮ್ಮ ಹೆಸರು ಹಾಕಿಸುತ್ತೇವೆ' ಎಂದು ಬರೆಯಬೇಡಿ. 'ಅಂಕಣದ ಪೂರ್ವ ಬದಿಯಲ್ಲಿ 6 × 3 ಅಡಿ ಬಟ್ಟೆ ಬ್ಯಾನರ್ ಒಂದು, ಪ್ರತಿ ಪಂದ್ಯದ ವಿರಾಮದಲ್ಲಿ ಒಂದು ಘೋಷಣೆಯಂತೆ ಒಟ್ಟು ಏಳು' ಎಂದು ಬರೆಯಿರಿ. 'ನೋಡೋಣ' ಎಂದರೆ ಒಂದೇ ಮಾತು ಕೇಳಿ: 'ಯಾವತ್ತು ಬರಲಿ ಅಣ್ಣ?' ಅವರು ಹೇಳಿದ ದಿನವನ್ನು ಅವರ ಎದುರಿಗೇ ಬರೆದುಕೊಂಡು, ಆ ದಿನ ತಪ್ಪದೆ ಹೋಗಿ.

ಒಬ್ಬ ಬೇಕರಿಯವರು ಒಪ್ಪಿದ ಮೇಲೆ ಇನ್ನೊಂದು ಬೇಕರಿಗೆ ಹೋಗಬಾರದು, ಎಷ್ಟೇ ಹಣ ಕೊಡುತ್ತೇನೆಂದರೂ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಕೂಟ ನಡೆಸಿದ ಪೀಟರ್ ಯೂಬರಾತ್ ಇದೇ ಸೂತ್ರ ಹಿಡಿದರು: ಪ್ರಾಯೋಜಕರ ಸಂಖ್ಯೆ ಕಡಿಮೆ, ಒಂದು ಬಗೆಯ ಸರಕಿಗೆ ಒಬ್ಬರೇ. ಫೋಟೊ ಫಿಲ್ಮ್‌ನ ಜಾಗಕ್ಕೆ ಅಮೆರಿಕದ್ದೇ ಆದ ಕೊಡಾಕ್ ಹಿಂದೆಮುಂದೆ ನೋಡುತ್ತಿದ್ದಾಗ ಜಪಾನಿನ ಫ್ಯೂಜಿ ಅದನ್ನು ಹಿಡಿಯಿತು. ಕೂಟದ ಕೊನೆಗೆ 23 ಕೋಟಿ ಡಾಲರ್‌ಗೂ ಹೆಚ್ಚು ಉಳಿಕೆಯಾಯಿತು. ಇನ್ನು, ಹಣ ನಿಮ್ಮ ಅಥವಾ ಗೆಳತಿಯ ಅಣ್ಣನ ಫೋನ್‌ಪೇಗೆ ಬರಬಾರದು. ಶಾಲೆಯ ಖಾತೆಗೆ ಬರಬೇಕು, ಅದಕ್ಕೆ ಕ್ರಮಸಂಖ್ಯೆಯಿರುವ ರಸೀದಿ ಹೋಗಬೇಕು.

ಪ್ರಶ್ನೆ: ಬ್ಯಾನರಿನಲ್ಲಿ ಪ್ರಾಯೋಜಕರ ಹೆಸರು ದೂರದಿಂದ ಓದಲು ಬರುವುದಿಲ್ಲ ಎಂಬ ದೂರು ಪ್ರತಿ ಸಲ ಬರುತ್ತದೆ. ಏನು ಮಾಡಬೇಕು?
– ಚಿತ್ರಕಲಾ ಶಿಕ್ಷಕರು, ದಾವಣಗೆರೆ

ಉತ್ತರ: ನೋಡುವವರು ಹತ್ತು ಅಡಿ ದೂರವಿದ್ದರೆ ಅಕ್ಷರ ಒಂದು ಇಂಚು ಎತ್ತರ, ಅರವತ್ತು ಅಡಿ ದೂರವಿದ್ದರೆ ಆರು ಇಂಚು. ಈ ಎತ್ತರ ಅಕ್ಷರದ ಮೈಯದು, ಮೇಲಿನ ಗುಣಿತದ ಗುರುತನ್ನೂ ಕೆಳಗಿನ ಒತ್ತನ್ನೂ ಬಿಟ್ಟು ಅಳೆಯಬೇಕು. ಅವೆರಡಕ್ಕೂ ಜಾಗ ಸೇರಿಸಿದರೆ ಕನ್ನಡದ ಒಂದು ಸಾಲಿಗೆ ಮೈ ಎತ್ತರದ ಎರಡರಷ್ಟು ಬೇಕು. ಮೂರು ಅಡಿ ಎತ್ತರದ ಬ್ಯಾನರಿನಲ್ಲಿ ಮೇಲೆ ಕೆಳಗೆ ಮೂರು ಮೂರು ಇಂಚು ಬಿಟ್ಟರೆ ಆರು ಇಂಚಿನ ಅಕ್ಷರದ ಎರಡೇ ಸಾಲು ಕೂರುವುದು. ಜನ ಅಲ್ಲಿ ಐದು ಸಾಲು ತುಂಬಿಸುತ್ತಾರೆ, 'ಸ್ಟೋರ್ಸ್' ಎಂಬಲ್ಲಿ ಟ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುತ್ತದೆ, ದೂರದಿಂದ ಎರಡೂ ಸೇರಿ ಕಪ್ಪು ಮಚ್ಚೆಯಾಗುತ್ತದೆ. ಹೆಸರು ಉದ್ದವಿದೆಯೆಂದು ಅಕ್ಷರವನ್ನು ಅಡ್ಡಕ್ಕೆ ಹಿಂಡಬೇಡಿ, ಸಾಲು ಮುರಿಯಿರಿ. ಫೋನ್ ನಂಬರು, ವಿಳಾಸ ಬ್ಯಾನರಿಗೆ ಬೇಡ, ಅವು ಕರಪತ್ರಕ್ಕೆ.

ಫ್ಲೆಕ್ಸ್ ಮಾಡಿಸಬೇಡಿ. ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸ್‌ಗಳನ್ನು ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಶಾಲೆಯೇ ಅದನ್ನು ಮುರಿದರೆ ಮಕ್ಕಳಿಗೆ ಹೇಳಲು ಏನೂ ಉಳಿಯುವುದಿಲ್ಲ. ಬಟ್ಟೆಯ ಮೇಲೆ ಬಣ್ಣ ಸ್ವಲ್ಪ ಹರಡುತ್ತದೆ, ಹಾಗಾಗಿ ತೆಳು ಗೆರೆಯ ಅಕ್ಷರ ಬಿಟ್ಟು ದಪ್ಪ ಗೆರೆಯದನ್ನು ಆರಿಸಿ. ಡಿಟಿಪಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತವೆ. ಅಕ್ಷರಗಳನ್ನು ಕರ್ವ್ಸ್‌ಗೆ (ಫಾಂಟ್ ಇಲ್ಲದೆಯೂ ಕಾಣುವ ಚಿತ್ರದ ಗೆರೆಗಳಿಗೆ) ಬದಲಿಸಿ ಪಿಡಿಎಫ್ ಮಾಡಿ ಕಳಿಸಿ, ಮುದ್ರಣಕ್ಕೆ ಮುಂಚೆ ಪ್ರಾಯೋಜಕರಿಗೆ ತೋರಿಸಿ ಸಹಿ ಹಾಕಿಸಿಕೊಳ್ಳಿ. ಹೆಸರಿನಲ್ಲಿ ಒಂದು ದೀರ್ಘ ತಪ್ಪಿದರೂ ಇಡೀ ದಿನದ ಕೆಲಸ ಹಾಳು.

ಕಟ್ಟುವ ಜಾಗವೂ ಮುಖ್ಯ. ಫೈನಲ್ ಸಂಜೆ ಇರುವುದರಿಂದ ಪಶ್ಚಿಮಕ್ಕೆ ಬ್ಯಾನರ್ ಕಟ್ಟಿದರೆ ನೋಡುವವರ ಕಣ್ಣಿಗೆ ಬಿಸಿಲೇ ಹೊಡೆಯುತ್ತದೆ. ಜನರನ್ನು ಪಶ್ಚಿಮದ ಬದಿಗೆ ಕೂರಿಸಿ ಬ್ಯಾನರನ್ನು ಪೂರ್ವಕ್ಕೆ ಕಟ್ಟಿ. ಗೆರೆಯಿಂದ ಕನಿಷ್ಠ ನಾಲ್ಕು ಮೀಟರ್ ಆಚೆಗಿರಲಿ, ಗೂಟವಾಗಲಿ ಹಗ್ಗವಾಗಲಿ ಅದರೊಳಗೆ ಬರಬಾರದು. ರೈಡರ್ ಹಿಂದೆ ನೋಡದೆ ಜಿಗಿಯುತ್ತಾಳೆ.

ಪ್ರಶ್ನೆ: ಶಾಲೆಯೊಳಗೆ ಕಂಪನಿಗಳನ್ನು ಕರೆದು ತರುವುದು ಸರಿಯೇ? ಯಾರಿಂದ ಹಣ ತೆಗೆದುಕೊಳ್ಳಬಾರದು?
– ಎಸ್‌ಡಿಎಂಸಿ ಸದಸ್ಯರು, ಮಂಡ್ಯ ಜಿಲ್ಲೆ

ಉತ್ತರ: ನಿಮ್ಮ ಆತಂಕ ಸರಿಯಾದದ್ದೇ. ಹಾಗಾಗಿ ಹಣ ಕೇಳಲು ಹೋಗುವ ಮೊದಲೇ 'ಬೇಡ' ಎನ್ನುವವರ ಪಟ್ಟಿ ತೀರ್ಮಾನವಾಗಬೇಕು. ತಂಬಾಕಿನ ಜಾಹೀರಾತು, ಪ್ರಾಯೋಜಕತ್ವಕ್ಕೆ 2003ರ ಕಾಯ್ದೆಯ ನಿಷೇಧವಿದೆ, ಶಾಲೆಯಿಂದ 100 ಗಜದೊಳಗೆ ಮಾರಾಟವೂ ಇಲ್ಲ. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲೆ ಒಂದು ಕಾಲದಲ್ಲಿ ಸಿಗರೇಟಿನ ಹೆಸರಾದ ವಿಲ್ಸ್ ಇತ್ತು ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ. ಹಳೆಯ ಪಂದ್ಯದ ಚಿತ್ರ ತೋರಿಸಿ ಚರ್ಚೆ ಮಾಡಿಸಿ. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರ್‌ವರೆಗೆ ಮಕ್ಕಳಿಗೆ ಮಾರುವಂತಿಲ್ಲ, ಜಾಹೀರಾತು ಮಾಡುವಂತಿಲ್ಲ, ಪುಕ್ಕಟೆ ಹಂಚುವಂತೆಯೂ ಇಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಆದ್ದರಿಂದ ಬೇಕರಿ ಪ್ರಾಯೋಜಕರಾದರೂ ಅಂಗಡಿಯ ಹೆಸರಿರಲಿ, ಪಫ್ಸ್, ಕೇಕಿನ ಚಿತ್ರ ಬೇಡ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ 2025ರ ಕೇಂದ್ರ ಕಾಯ್ದೆ ನಿಲ್ಲಿಸಿದೆ. ಡ್ರೀಮ್11 ಭಾರತ ತಂಡದ ಅಂಗಿಯಿಂದ ಇಳಿದು ಅಪೊಲೊ ಟೈರ್ಸ್ ಬಂದದ್ದು ಅದರ ಬೆನ್ನಿಗೇ. ಪಾನ್ ಮಸಾಲ, ಮದ್ಯದ ಹೆಸರು ಹೊತ್ತ ಸೋಡಾ, ರಾಜಕೀಯ ಮುಖಂಡರ ಫೋಟೊ, ಈ ಮೂರೂ ಬೇಡವೆಂಬುದು ನಮ್ಮ ಖಚಿತ ಅಭಿಪ್ರಾಯ.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಟ್ಯೂಷನ್ ಸೆಂಟರ್‌ನವರು, ಕೋಚಿಂಗ್‌ನವರು ಬ್ಯಾನರ್ ಕೇಳುವುದಿಲ್ಲ, ಪೋಷಕರ ಫೋನ್ ನಂಬರಿನ ಪಟ್ಟಿ ಕೇಳುತ್ತಾರೆ. ಕೊಡಬೇಡಿ. 2023ರ ದತ್ತಾಂಶ ರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ, ಮಕ್ಕಳನ್ನೇ ಗುರಿಯಾಗಿಸಿದ ಜಾಹೀರಾತನ್ನು ತಡೆಯುತ್ತದೆ. ಆಸಕ್ತಿಯಿರುವ ಪೋಷಕರು ತಾವೇ ಅವರ ಮೇಜಿಗೆ ಹೋಗಿ ನಂಬರು ಕೊಡಲಿ.

ಪ್ರಶ್ನೆ: ಹುಡುಗರ ಪಂದ್ಯಕ್ಕೆ ಕೊಡುವವರು ಹುಡುಗಿಯರ ಪಂದ್ಯವೆಂದರೆ 'ಯಾರು ನೋಡ್ತಾರೆ?' ಎನ್ನುತ್ತಾರೆ.
– ಶಿಕ್ಷಕಿ, ಉತ್ತರ ಕನ್ನಡ

ಉತ್ತರ: ನೋಡದಂತೆ ವೇಳಾಪಟ್ಟಿ ಹಾಕುವವರು ನಾವೇ. ಹುಡುಗಿಯರ ಫೈನಲ್ ಬೆಳಿಗ್ಗೆ ಹತ್ತಕ್ಕೆ, ಹುಡುಗರದ್ದು ಸಂಜೆ ನಾಲ್ಕಕ್ಕೆ ಇಟ್ಟರೆ ಜನ ಯಾವುದಕ್ಕೆ ಬರುತ್ತಾರೆ? ಎರಡೂ ಇದ್ದರೆ ಒಂದಾದ ಮೇಲೊಂದರಂತೆ ಆಡಿಸಿ, ಪ್ರಾಯೋಜಕತ್ವವನ್ನು ಒಟ್ಟಿಗೆ ಮಾರಿ, ಬೇರೆ ಬೇರೆ ಬೆಲೆ ಇಡಬೇಡಿ. ಮಹಿಳಾ ಪ್ರೀಮಿಯರ್ ಲೀಗ್ ಒಂದು ಚೆಂಡೂ ಎಸೆಯುವ ಮುನ್ನ 2023ರಲ್ಲಿ ಅದರ ಐದು ವರ್ಷದ ಪ್ರಸಾರ ಹಕ್ಕು 951 ಕೋಟಿಗೆ ಹೋಯಿತು. ಬೆಂಗಳೂರಿನ ಆರ್‌ಸಿಬಿಗೆ ಮೊದಲ ಟ್ರೋಫಿ ತಂದವರೂ ಮಹಿಳೆಯರೇ, 2024ರಲ್ಲಿ. ಹುಡುಗರ ತಂಡಕ್ಕೆ ಅದು ದಕ್ಕಿದ್ದು 2025ರಲ್ಲಿ.

ಕಾಮೆಂಟರಿಗೂ ಗಮನ ಕೊಡಿ. ಆಟಗಾರ್ತಿಯ ಹೆಸರು ಗೊತ್ತಿಲ್ಲದಿದ್ದರೆ ಜನ ಹತ್ತು ನಿಮಿಷಕ್ಕೆ ಎದ್ದುಹೋಗುತ್ತಾರೆ. ಮೈಕ್ ಹಿಡಿಯುವವರ ಕೈಗೆ ಪ್ರತಿ ಆಟಗಾರ್ತಿಯ ಅಂಗಿ ಸಂಖ್ಯೆ, ಹೆಸರು, ಊರು, ಅವಳ ಆಟದ ಒಂದು ಗುಣ ಬರೆದ ಹಾಳೆ ಕೊಡಿ. 'ಎದುರಿಗೆ ಆರು ಜನ ಇದ್ದಾರೆ, ಬೋನಸ್ ಗೆರೆ ದಾಟಿದರೆ ಒಂದು ಅಂಕ' ಎಂದು ನಿಯಮವನ್ನೂ ಬಿಡಿಸಿ ಹೇಳಬೇಕು. ಅರ್ಥವಾದ ಆಟವನ್ನು ಅಜ್ಜಿಯರೂ ಕೊನೆತನಕ ಕೂತು ನೋಡುತ್ತಾರೆ.

ಪ್ರಶ್ನೆ: ಪ್ರಚಾರ ಚೆನ್ನಾಗಿಯೇ ಆಯಿತು, ಆದರೆ ನಿರೀಕ್ಷೆಗಿಂತ ಹೆಚ್ಚು ಜನ ಬಂದರೆ ಎಂಬ ಭಯ.
– ಮುಖ್ಯೋಪಾಧ್ಯಾಯರು, ಬೆಂಗಳೂರು ಗ್ರಾಮಾಂತರ

ಉತ್ತರ: ಈ ಭಯ ಇರಲೇಬೇಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ವಿಜಯೋತ್ಸವಕ್ಕೆ ಬಂದವರ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಕ್ರೀಡಾ ಮಾರ್ಕೆಟಿಂಗ್ ಕಲಿಸುವ ಯಾರೂ ಆ ದಿನವನ್ನು ಪಾಠದಿಂದ ಬಿಡಬಾರದು. 'ಬನ್ನಿ' ಎಂದು ಕರೆದವರು ಬಂದವರಿಗೆ ನಿಲ್ಲಲು ಜಾಗ, ಒಳಬರಲು ದಾರಿ, ಹೊರಹೋಗಲು ಬೇರೊಂದು ದಾರಿ ಕೊಡಬೇಕು. ಪೋಸ್ಟರ್ ಬರೆಯುವ ಮೊದಲೇ ಮಕ್ಕಳು ಟೇಪು ಹಿಡಿದು ಕೂರುವ ಜಾಗ ಅಳೆಯಲಿ. ನೆಲದ ಮೇಲೆ ಕೂರುವ ಒಬ್ಬರಿಗೆ, ನಡುವಿನ ಓಡಾಟದ ದಾರಿಯೂ ಸೇರಿ, ಒಂದು ಚದರ ಮೀಟರ್ ಇಡಿ. 20 × 15 ಮೀಟರ್ ಜಾಗದಲ್ಲಿ 300 ಜನ. ಅಷ್ಟೇ ಪಾಸು ಮುದ್ರಿಸಿ, ಶಾಲೆಗಳ ಮೂಲಕವೇ ಹಂಚಿ. 'ಎಲ್ಲರಿಗೂ ಉಚಿತ ಪ್ರವೇಶ' ಎಂದು ವಾಟ್ಸ್ಆ್ಯಪ್‌ನಲ್ಲಿ ಬಿಡಬೇಡಿ, ಅದು ಯಾವ ಊರು ತಲುಪುತ್ತದೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ. ಎರಡು ಗೇಟು ತೆರೆದಿಡಿ, ಬೀಗದ ಕೈ ಗೇಟಿನಲ್ಲೇ ನಿಂತ ಶಿಕ್ಷಕರ ಬಳಿ ಇರಲಿ. ಪೊಲೀಸ್ ಠಾಣೆಗೆ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಮೊದಲೇ ಪತ್ರ ಕೊಡಿ.

ಪ್ರಶ್ನೆ: ಹಣ ಕೊಟ್ಟವರು ಮುಂದಿನ ವರ್ಷ 'ನಮಗೇನು ಸಿಕ್ಕಿತು?' ಎಂದು ಕೇಳಿದರೆ?
– ಶಿಕ್ಷಕರು, ಚಿತ್ರದುರ್ಗ

ಉತ್ತರ: ಅವರು ಕೇಳುವ ಮೊದಲೇ, ಪಂದ್ಯ ಮುಗಿದ ವಾರದೊಳಗೆ, ಒಂದು ಪುಟದ ವರದಿ ಅಂಗಡಿಗೆ ತಲುಪಿಸಿ. ಅದರಲ್ಲಿ ಎಣಿಸಿದ್ದು ಮಾತ್ರ ಇರಲಿ. ಅರ್ಧ ಗಂಟೆಗೊಮ್ಮೆ ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆಯಾಗಿ ತಲೆ ಎಣಿಸಿ ಬರೆಯಲಿ. ಇಬ್ಬರ ಎಣಿಕೆಯಲ್ಲಿ ತುಂಬ ಅಂತರ ಬಂದರೆ ಮತ್ತೆ ಎಣಿಸಬೇಕು.

ಹೆಸರು ನೆನಪುಳಿಯಿತೇ ಎಂದು ತಿಳಿಯಲು, ಹೊರಹೋಗುವ ಪ್ರತಿ ಹತ್ತನೆಯವರನ್ನು ನಿಲ್ಲಿಸಿ, ನಲವತ್ತು ಜನರಾಗುವವರೆಗೆ ಎರಡೇ ಪ್ರಶ್ನೆ ಕೇಳಿ. ಮೊದಲನೆಯದು, 'ಇವತ್ತು ಯಾವ ಯಾವ ಅಂಗಡಿಯ ಹೆಸರು ನೋಡಿದಿರಿ, ಕೇಳಿದಿರಿ?' ಆಮೇಲಷ್ಟೇ ಐದು ಹೆಸರಿನ ಪಟ್ಟಿ ತೋರಿಸಿ. ನಾಲ್ಕು ನಿಜವಾದ ಪ್ರಾಯೋಜಕರದ್ದು, ಐದನೆಯದು ಪ್ರಾಯೋಜಕರೇ ಅಲ್ಲದ ಒಂದು ಅಂಗಡಿ. ಆ ಐದನೆಯದನ್ನೂ ಹತ್ತು ಜನ 'ನೋಡಿದ್ದೇವೆ' ಎಂದರೆ ಪಟ್ಟಿ ನೋಡಿ ಕೊಟ್ಟ ಉತ್ತರಗಳನ್ನು ಅಷ್ಟು ಅನುಮಾನದಿಂದಲೇ ಓದಬೇಕು. ಇಲ್ಲಿ ಆಗುವ ತಪ್ಪುಗಳು ಗೊತ್ತಿರಲಿ: ಮಕ್ಕಳು ತಮ್ಮ ಪರಿಚಯದವರನ್ನೇ ಕೇಳುತ್ತಾರೆ, ಬ್ಯಾನರಿನ ಎದುರಿಗೇ ನಿಂತು ಕೇಳುತ್ತಾರೆ, ಇಲ್ಲವೆ ಪಟ್ಟಿಯನ್ನು ಮೊದಲೇ ತೋರಿಸಿಬಿಡುತ್ತಾರೆ.

ರಿಯಾಯಿತಿ ಚೀಟಿ ಹಂಚುವುದಾದರೆ ಕ್ರಮಸಂಖ್ಯೆ ಹಾಕಿ, ಏಳು ದಿನದ ಗಡುವು ಬರೆಯಿರಿ, ಬಂದ ಚೀಟಿ ಹಾಕಿಡಲು ಅಂಗಡಿಯವರಿಗೆ ಒಂದು ಡಬ್ಬಿಯನ್ನೂ ಕೊಡಿ. ಡಬ್ಬಿ ಕೊಡದಿದ್ದರೆ ಚೀಟಿಗಳು ಕಸಕ್ಕೆ ಹೋಗುತ್ತವೆ, ಲೆಕ್ಕ ಸಿಗುವುದಿಲ್ಲ. 200 ಚೀಟಿಯಲ್ಲಿ ಒಂಬತ್ತೇ ಬಂದರೆ ಒಂಬತ್ತೇ ಎಂದು ಬರೆಯಿರಿ. ಏಳು ಘೋಷಣೆಗೆ ಮಾತು ಕೊಟ್ಟು ಐದೇ ಆಗಿದ್ದರೆ ಅದನ್ನೂ ಬರೆದು, ಉಳಿದೆರಡಕ್ಕೆ ಶಾಲಾ ವಾರ್ಷಿಕೋತ್ಸವದಲ್ಲಿ ಅವಕಾಶ ಕೊಡಿ.

ಪ್ರಶ್ನೆ: ನಾವು ಟೆಕ್ಸಾಸ್‌ನ ಫ್ರಿಸ್ಕೊದಲ್ಲಿದ್ದೇವೆ. ಮಗಳು ಹೈಸ್ಕೂಲಿನಲ್ಲಿ ಸ್ಪೋರ್ಟ್ಸ್ ಮಾರ್ಕೆಟಿಂಗ್ ತೆಗೆದುಕೊಂಡು ಡೆಕಾ ಸ್ಪರ್ಧೆಗೆ ಹೋಗುತ್ತೇನೆನ್ನುತ್ತಾಳೆ. ಮನೆಯಲ್ಲಿ ಹೇಗೆ ನೆರವಾಗುವುದು?
– ಒಬ್ಬ ತಾಯಿ

ಉತ್ತರ: ಡೆಕಾ ಎಂಬುದು ಮಾರ್ಕೆಟಿಂಗ್, ವ್ಯವಹಾರ ಕಲಿಯುವವರಿಗಾಗಿ ಅಮೆರಿಕದಲ್ಲಿ 1946ರಿಂದ ಇರುವ ವಿದ್ಯಾರ್ಥಿ ಸಂಘಟನೆ. ಒಬ್ಬರೇ ಸ್ಪರ್ಧಿಸುವ ವಿಭಾಗದಲ್ಲಿ ನೂರು ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ, ಜೊತೆಗೆ ಪಾತ್ರಾಭಿನಯದ ಸುತ್ತು ಇರುತ್ತದೆ. ಒಂದು ವ್ಯಾಪಾರದ ಸಂದರ್ಭ ಕೊಡುತ್ತಾರೆ. ಓದಿ ಸಿದ್ಧವಾಗಲು ಹತ್ತು ನಿಮಿಷ, ತೀರ್ಪುಗಾರರ ಎದುರು ಹತ್ತು ನಿಮಿಷ. ಹಾಳೆಯಲ್ಲಿ ಅಂಕ ಕೊಡುವ ಅಂಶಗಳು ಅಚ್ಚಾಗಿರುತ್ತವೆ. ಮಕ್ಕಳು ಹೊಳೆದ ಉಪಾಯದ ಹಿಂದೆ ಹೋಗಿ ಆ ಅಂಶಗಳಲ್ಲಿ ಒಂದೆರಡನ್ನು ಮುಟ್ಟದೇ ಬಂದು ಅಂಕ ಕಳೆದುಕೊಳ್ಳುತ್ತಾರೆ. ಮನೆಯಲ್ಲಿ ಗಡಿಯಾರ ಇಟ್ಟು, ನೀವು ತೀರ್ಪುಗಾರರಾಗಿ ಕೂತು, ಪ್ರತಿ ಅಂಶಕ್ಕೂ ಗುರುತು ಹಾಕುತ್ತ ಕೇಳಿ.

ನಿಮ್ಮೂರಿನಲ್ಲೇ ರಫ್‌ರೈಡರ್ಸ್ ಎಂಬ ಕೆಳ ಹಂತದ ಬೇಸ್‌ಬಾಲ್ ತಂಡವಿದೆ. ಒಂದು ಪಂದ್ಯಕ್ಕೆ ಕರೆದುಕೊಂಡು ಹೋಗಿ, ಇನ್ನಿಂಗ್ಸ್‌ಗಳ ನಡುವಿನ ಆಟಪಾಟಗಳಿಗೆ ಯಾರು ಯಾರು ಪ್ರಾಯೋಜಕರು ಎಂದು ಬರೆಸಿ. ಹತ್ತಿರದ ಗ್ರ್ಯಾಂಡ್ ಪ್ರೇರಿ ಕ್ರೀಡಾಂಗಣದಲ್ಲಿ 2023ರಿಂದ ಮೇಜರ್ ಲೀಗ್ ಕ್ರಿಕೆಟ್ ನಡೆಯುತ್ತಿದೆ, ಅಲ್ಲಿಯೂ ಇದೇ ಪಟ್ಟಿ ಮಾಡಿಸಿ. ಎರಡೂ ಕಡೆಯ ಹೆಸರುಗಳನ್ನು ಪಕ್ಕಪಕ್ಕ ಇಟ್ಟು, ಆ ಕಂಪನಿ ಇಲ್ಲೇ ಯಾಕೆ, ಅಲ್ಲಿ ಯಾಕಿಲ್ಲ ಎಂದು ಕೇಳಿ.

ಪ್ರಶ್ನೆ: ಅಂಕ ಹೇಗೆ ಕೊಡುವುದು? ಹೆಚ್ಚು ಹಣ ತಂದವರಿಗೆ ಹೆಚ್ಚು ಅಂಕವೇ?
– ಶಿಕ್ಷಕಿ, ಮೈಸೂರು

ಉತ್ತರ: ಬೇಡವೇ ಬೇಡ. ಹಾಗೆ ಮಾಡಿದರೆ ಮಾವನದ್ದೋ ಚಿಕ್ಕಪ್ಪನದ್ದೋ ಅಂಗಡಿಯಿರುವ ಮಗು ಗೆಲ್ಲುತ್ತದೆ. ಐವತ್ತಕ್ಕೆ ಹೀಗೆ ಹಂಚಬಹುದು: ನೋಡುಗರ ಅಧ್ಯಯನಕ್ಕೆ 10, ಬಜೆಟ್ಟಿಗೆ 10, ಪ್ರಾಯೋಜಕರಿಗೆ ಬರೆದ ಪುಟಕ್ಕೆ 10, ಪಂದ್ಯದ ದಿನ ವಹಿಸಿಕೊಂಡ ಕೆಲಸಕ್ಕೆ 5, ಕೊನೆಯ ವರದಿ ಮತ್ತು ಲೆಕ್ಕಪತ್ರಕ್ಕೆ 15. ಯಾರೂ ಹಣ ಕೊಡದಿದ್ದರೂ ಎಲ್ಲಿಗೆ ಹೋದರು, ಏನು ಕೇಳಿದರು, ಯಾಕೆ ಬೇಡವೆಂದರು ಎಂದು ಸರಿಯಾಗಿ ಬರೆದ ಮಗುವಿಗೆ ಪೂರ್ತಿ ಅಂಕ ಸಿಗಬೇಕು. ಲೆಕ್ಕಪತ್ರದ ಪ್ರತಿ ಸಾಲಿಗೂ ರಸೀದಿ ಅಂಟಿಸಿ, ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ, ಶಾಲೆಯ ಸೂಚನಾ ಫಲಕದಲ್ಲಿ ಹದಿನೈದು ದಿನ ಇರುವಂತೆ ನೋಡಿಕೊಳ್ಳಿ.